ಚಪ್ಪಲಿ ಬಿಟ್ಟು ಬನ್ನಿ, ಒಳಗೆ ಪರಮಾಣುಗಳಿವೆ

ಹೇಮಾಕ್ಷಿ ಕೈಹಿಡಿದದ್ದು ಕೃಷ್ಣಪ್ರಸಾದರನ್ನು. ಸಂಸಾರ ಮಾಡಿದ್ದು ಮಾತ್ರ ಬ್ಯಾಂಕಿನ ವರ್ಗಾವಣೆ ಆದೇಶಗಳ ಜೊತೆ. ಹಾಗೆಂದು ಅವಳೇ ನಗುತ್ತ ಹೇಳುತ್ತಾಳೆ. ತುಮಕೂರಿನ ಹುಡುಗಿ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಸಂಶೋಧನೆಗೆ ಹೆಸರು ಬರೆಸಿದ ವರ್ಷವೇ ಮದುವೆಯಾಯಿತು, ಮರುವರ್ಷವೇ ಗಂಡನಿಗೆ ವರ್ಗವಾಯಿತು, ಸಂಶೋಧನೆ ಅಲ್ಲಿಗೇ ನಿಂತಿತು. ಆಮೇಲೆ ರಾಯಚೂರು, ಕರ್ನೂಲು, ಅನಂತಪುರ, ಮತ್ತೆ ಬಳ್ಳಾರಿ. ಹೋದ ಊರಿನಲ್ಲೆಲ್ಲ ಯಾವುದಾದರೂ ಕಾಲೇಜಿನಲ್ಲಿ ಪಾಠ ಹೇಳಲು ಸೇರುತ್ತಿದ್ದಳು. ಹುಡುಗರಿಗೆ ಮೇಡಮ್ಮಿನ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಮನೆಮುಂದೆ ಸಾಮಾನಿನ ಲಾರಿ ಬಂದು ನಿಂತಿರುತ್ತಿತ್ತು.

ವರ್ಗದ ನೌಕರಿಯ ಮನೆಗಳಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆಯುತ್ತದೆ. ಸಾಮಾನನ್ನು ಪೂರ್ತಿ ಬಿಚ್ಚುವುದಿಲ್ಲ. ಒಲೆ, ಪಾತ್ರೆ, ಹಾಸಿಗೆ, ದೇವರು ಇಷ್ಟು ಹೊರಗೆ ಬಂದರೆ ಮನೆ ನಡೆದೇ ನಡೆಯುತ್ತದೆ. ಉಳಿದದ್ದು ಹೇಗೂ ಮತ್ತೆ ಕಟ್ಟಬೇಕಲ್ಲ ಎಂದು ಹಾಗೇ ಉಳಿಯುತ್ತದೆ. ಹೇಮಾಕ್ಷಿಯ ಮನೆಯಲ್ಲೂ ಹಗ್ಗ ಬಿಗಿದ ಮೂರು ಪೆಟ್ಟಿಗೆಗಳಿದ್ದವು. ಒಳಗೆ ಏನಿದೆಯೆಂದು ಗಂಡನೂ ಮರೆತಿದ್ದರು, ಅವಳೂ ಮರೆತಂತೆ ಇದ್ದಳು. ಯಾವ ಊರಿಗೆ ಹೋದರೂ ಅವು ಮಂಚದ ಪಕ್ಕ ಒಂದರ ಮೇಲೊಂದು ಕೂತು, ಮೇಲೊಂದು ಬಟ್ಟೆ ಹೊದ್ದು, ಅದರ ಮೇಲೆ ಟೇಬಲ್ ಫ್ಯಾನು ಹೊತ್ತು ಮೇಜಿನ ಕೆಲಸ ಮಾಡುತ್ತಿದ್ದವು.

ವಿಶಾಖಪಟ್ಟಣಕ್ಕೆ ಬಂದಾಗ ಅವಳಿಗೆ ನಲವತ್ತು ದಾಟಿತ್ತು, ಮಗಳು ಧನ್ಯಾ ಹಾಸ್ಟೆಲ್ ಸೇರಿಯಾಗಿತ್ತು. ಮನೆ ಸಿಕ್ಕಿದ್ದು ಮಧುರವಾಡದಲ್ಲಿ. ಅಲ್ಲಿಗೆ ಹತ್ತಿರವೇ ಗುಡ್ಡದ ಮಗ್ಗುಲಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹೊಸ ಯೋಜನೆಯೊಂದು ಶುರುವಾಗಿ, ಲೇಸರ್ ಹಿಡಿದು ಕೂರಬಲ್ಲ ತಾಳ್ಮೆಯವರನ್ನು ಹುಡುಕುತ್ತಿದ್ದರು. ಹೇಮಾಕ್ಷಿ ಅರ್ಜಿ ಹಾಕಿದಳು. ಸಂದರ್ಶನದಲ್ಲಿ, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. "ಗಾಜಿನ ಸಾಮಾನು ಒಡೀದ ಹಾಗೆ ಊರೂರು ಸಾಗಿಸ್ತಿದ್ದೆ ಸಾರ್" ಎಂದಳು. ಅವರು ನಕ್ಕರು, ಕೆಲಸ ಕೊಟ್ಟರು. ತಮಾಷೆಯೆಂದರೆ, ಆಮೇಲೆ ಅವಳ ಪಾಲಿಗೆ ಬಂದದ್ದೂ ಒಂದು ಗಾಜಿನ ಸಾಮಾನೇ.

ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಕೊಳವೆ. ಒಳಗಿನ ಗಾಳಿಯನ್ನೆಲ್ಲ ತೆಗೆದು ಒಂದಿಷ್ಟು ರುಬಿಡಿಯಂ ಎಂಬ ಲೋಹದ ಆವಿ ತುಂಬಿ ಬಾಯಿ ಮುಚ್ಚಿದ್ದರು. ಆ ಆವಿಯೊಳಕ್ಕೆ ಎರಡು ಲೇಸರ್ ಬಿಡಬೇಕು: ಕಣ್ಣಿಗೆ ಕಂಡೂ ಕಾಣದ ಕೆಂಪು ಒಂದು, ನವಿಲಿನ ಕತ್ತಿನಂಥ ನೀಲಿ ಒಂದು. ಎರಡೂ ಸೇರಿ ರುಬಿಡಿಯಂ ಪರಮಾಣುವಿನ ಅತಿ ಹೊರಗಿನ ಎಲೆಕ್ಟ್ರಾನನ್ನು ಒಂದೊಂದೇ ಮೆಟ್ಟಿಲಲ್ಲ, ಎಷ್ಟೋ ಮೆಟ್ಟಿಲು ಮೇಲಕ್ಕೆ ಎತ್ತಿಬಿಡುತ್ತವೆ. ಇನ್ನೊಂದಿಷ್ಟು ಎತ್ತಿದರೆ ಅದು ಪರಮಾಣುವನ್ನೇ ಬಿಟ್ಟು ಹೋಗಬೇಕು, ಅಷ್ಟು ಮೇಲಕ್ಕೆ. ಆಗ ಪರಮಾಣು ತನ್ನ ಮಾಮೂಲು ಗಾತ್ರದ ಸಾವಿರಾರು ಪಟ್ಟು ಉಬ್ಬುತ್ತದೆ. ಎಲೆಕ್ಟ್ರಾನಿನ ಮೇಲೆ ಒಳಗಿನ ಹಿಡಿತ ಎಷ್ಟು ಸಡಿಲವೆಂದರೆ, ಉದ್ದ ಹಗ್ಗಕ್ಕೆ ಕಟ್ಟಿದ ಕರುವಿನ ಹಾಗೆ, ಆಚೆ ಬೇಲಿಯಿಂದ ಯಾರಾದರೂ ಒಂದು ಹಿಡಿ ಹುಲ್ಲು ತೋರಿಸಿದರೂ ಅತ್ತ ವಾಲುತ್ತದೆ. ಹುಲ್ಲು ತೋರಿಸುವುದೆಂದರೆ ಇಲ್ಲಿ ಹೊರಗಿನ ವಿದ್ಯುತ್ ಕ್ಷೇತ್ರ. ಕ್ಷೇತ್ರ ಸೋಕಿತೋ, ಎಲೆಕ್ಟ್ರಾನು ಕೂತ ಶಕ್ತಿಯ ಮಟ್ಟ ಅಷ್ಟು ಕೆಳಗೆ ಜಾರುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಗೆರೆಯೊಂದು ಒಂದು ಕಡೆ ಉಬ್ಬಿ ನಿಂತಿರುತ್ತದೆ. ಮಟ್ಟ ಜಾರಿದರೆ ಆ ಉಬ್ಬೂ ಪಕ್ಕಕ್ಕೆ ಜಾರುತ್ತದೆ. ಅದನ್ನು ಎಲ್ಲರೂ ಇಂಗ್ಲಿಷಿನಲ್ಲಿ ಪೀಕ್ ಎನ್ನುತ್ತಿದ್ದರು. ಹೇಮಾಕ್ಷಿ ಮಾತ್ರ 'ದಿಬ್ಬ' ಎಂದಳು, ಕಡೆಗೆ ಇಡೀ ಪ್ರಯೋಗಾಲಯ ಹಾಗೆಯೇ ಕರೆಯತೊಡಗಿತು.

ಯೋಜನೆಯ ಉದ್ದೇಶ ಇಷ್ಟೇ: ಈ ದಿಬ್ಬ ಎಷ್ಟು ಜಾರಿತೆಂದು ನೋಡಿ ವಿದ್ಯುತ್ ಕ್ಷೇತ್ರವನ್ನು ಮುಟ್ಟದೆ ಅಳೆಯುವ ಉಪಕರಣವೊಂದನ್ನು ಕಟ್ಟುವುದು. ಕೊಳವೆಯೊಳಗೆ ಎರಡು ಪುಟ್ಟ ಲೋಹದ ಹಲಗೆಗಳು, ಅವುಗಳಲ್ಲೊಂದಕ್ಕೆ ಸೇರಿದ ತಾಮ್ರದ ಕಡ್ಡಿ ಹೊರಗೆ. ಕಡ್ಡಿ ಹೊರಗಿನ ಕ್ಷೇತ್ರವನ್ನು ಮೂಸಿ ನೋಡಿ ಒಳಗೆ ವರದಿ ಕೊಡುತ್ತದೆ, ಪರಮಾಣು ಜಾರಿ ತೋರಿಸುತ್ತದೆ. ಮೊದಲ ಸಲ ದಿಬ್ಬ ಪಕ್ಕಕ್ಕೆ ಸರಿದದ್ದನ್ನು ನೋಡಿದ ದಿನ ಹೇಮಾಕ್ಷಿ ಕುರ್ಚಿಯಿಂದ ಎದ್ದು, ಹುಚ್ಚಿಯ ಹಾಗೆ ಕಾರಿಡಾರಿನ ಆ ತುದಿಯವರೆಗೆ ಓಡಿ, ಯಾರಿಗೂ ಏನೂ ಹೇಳದೆ ವಾಪಸ್ಸು ಬಂದು ಕೂತಿದ್ದಳು. ಬಿಟ್ಟುಹೋದದ್ದು ಇಷ್ಟು ವರ್ಷ ಎಲ್ಲಿಯೋ ತನಗಾಗಿ ಕಾದು ಕೂತಿತ್ತು ಎನ್ನಿಸಿತ್ತು ಅವಳಿಗೆ.

ಪ್ರಯೋಗಾಲಯಕ್ಕೆ ಅವಳು ತಂದ ನಿಯಮ ಒಂದೇ. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು. ಧೂಳು ಬಂದರೆ ಲೇಸರಿನ ಕನ್ನಡಿಗಳು ಹಾಳಾಗುತ್ತವೆ ಎಂಬ ಕಾರಣ ಕೊಟ್ಟಳು. ನಿಜವಾದ ಕಾರಣ, ತುಮಕೂರಿನ ಅವರ ಮನೆಯಲ್ಲಿ ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಬಂದವರು ಬದುಕಿ ಹೊರಗೆ ಹೋದದ್ದಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಫಣೀಂದ್ರ ಮದುವೆ ವಯಸ್ಸಿನ ತರುಣ, ಬೂಟಿನ ಶೋಕಿಯವನು, ಮೊದಮೊದಲು ಮುಖ ಸಿಂಡರಿಸಿದ. ಆಮೇಲೆ ಅವನೇ ಬಾಗಿಲ ಮೇಲೆ ತೆಲುಗಿನಲ್ಲಿ ಚೀಟಿ ಅಂಟಿಸಿದ: ಚೆಪ್ಪುಲು ಬಯಟ ಒದಲಂಡಿ, ಲೋಪಲ ಪರಮಾಣುವುಲು ಉನ್ನಾಯಿ. ಚಪ್ಪಲಿ ಹೊರಗೆ ಬಿಡಿ, ಒಳಗೆ ಪರಮಾಣುಗಳಿವೆ ಎಂದು. ದೇವಸ್ಥಾನವೋ ಪ್ರಯೋಗಾಲಯವೋ ಎಂದು ಬಂದವರೆಲ್ಲ ಗೇಲಿ ಮಾಡಿದರು. ಆದರೂ ಬರಿಗಾಲಿನಲ್ಲೇ ಒಳಗೆ ಬಂದರು.

ಎಲ್ಲ ಸರಿಹೋಯಿತು ಎನ್ನುವಾಗ ವರ್ಗಾವಣೆ ಆದೇಶ ಬಂತು. ಕೃಷ್ಣಪ್ರಸಾದರಿಗೆ ವಿಜಯವಾಡ, ಬೆಂಜ್ ಸರ್ಕಲ್ ಹತ್ತಿರದ ಶಾಖೆ. ಮದುವೆಯಾದಂದಿನಿಂದ ಮೊದಲ ಸಲ ಹೇಮಾಕ್ಷಿ ಲಾರಿ ಹತ್ತಲಿಲ್ಲ. ಅವರು ಒಂದು ಸೂಟ್‌ಕೇಸು, ಒಂದು ಕುಕ್ಕರು ಹಿಡಿದು ಹೋದರು. ಅವಳು ಮಧುರವಾಡದಲ್ಲಿ ಮೂರು ಪೆಟ್ಟಿಗೆಗಳ ಜೊತೆ ಉಳಿದಳು. ಅತ್ತೆ ತುಮಕೂರಿನಿಂದ ಫೋನು ಮಾಡಿ, "ಗಂಡ ಒಂದೂರು, ಹೆಂಡ್ತಿ ಒಂದೂರು, ಇದ್ಯಾವ ಸೀಮೆ ಸಂಸಾರಾನಮ್ಮ?" ಎಂದರು. ಗಂಡ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವಳಿಗೆ ಹೆಚ್ಚು ಚುಚ್ಚಿತು. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು. ಯೋಜನೆಯ ಅವಧಿ ಮುಗಿಯುತ್ತ ಬಂದಿತ್ತು. ಪರಿಶೀಲನಾ ಸಮಿತಿ ಮುಂದುವರಿಸಿದರೆ ಅವಳು ಅಲ್ಲೇ ಇರುವುದು. ಇಲ್ಲವಾದರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ವಿಜಯವಾಡಕ್ಕೆ ಬಂದುಬಿಡುವುದು. ಈ ಸಲ ಬಿಟ್ಟರೆ ಮುಂದೆ ಯಾರೂ ತನ್ನನ್ನು ಲೇಸರಿನ ಹತ್ತಿರ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಸಮಿತಿಯೋ, ವಿಜಯವಾಡದಲ್ಲಿ ಸೇರುತ್ತೇವೆ ಎಂದಿತು. ಅಷ್ಟೇ ಅಲ್ಲ, ಉಪಕರಣವನ್ನೂ ಅಲ್ಲಿಗೇ ತನ್ನಿ ಎಂದಿತು. ಪ್ರಯೋಗಾಲಯದಲ್ಲಿ ಎಲ್ಲರ ಉಪಕರಣವೂ ನಡೆಯುತ್ತದೆ, ಹೊರಗೆ ನಡೆಯುತ್ತದೋ ನೋಡಬೇಕು ಎಂಬುದು ಅಧ್ಯಕ್ಷೆ ಮಾಧವೀಲತಾ ಅವರ ವಾದ. ನಿವೃತ್ತ ಪ್ರಾಧ್ಯಾಪಕಿ, ಅವರ ಹೆಸರು ಕೇಳಿದರೆ ಕಾಲೇಜಿನ ಹಿರಿಯರೇ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಸಾಗಿಸುವ ವಿಷಯದಲ್ಲಿ ಹೇಮಾಕ್ಷಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಕೊಳವೆಯನ್ನು ಹಳೆಯ ನೂಲಿನ ಸೀರೆಯಲ್ಲಿ ಸುತ್ತಿ, ಅದನ್ನು ಅಕ್ಕಿಯ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ವ್ಯಾನಿನಲ್ಲಿ ಕೂತಳು. ಉಪಕರಣದ ಮೇಲೆ ಮುಚ್ಚುವ ಲೋಹದ ಪೆಟ್ಟಿಗೆಯನ್ನು ಮಾತ್ರ ಬಿಟ್ಟು ಬಂದರು. ನೀಲಿ ಬೆಳಕು ಗಾಜಿನೊಳಗೆ ಹಾಯುವುದು ಸಮಿತಿಯವರ ಕಣ್ಣಿಗೆ ಕಾಣಲಿ, ಮುಚ್ಚಿಟ್ಟರೆ ಯಾರು ನಂಬುತ್ತಾರೆ ಎಂದದ್ದು ಫಣೀಂದ್ರ. ಅವಳೂ ಹೌದೆಂದಿದ್ದಳು.

ಸಭೆ ಇದ್ದದ್ದು ಬೆಂಜ್ ಸರ್ಕಲ್ ಸಮೀಪದ ಹೋಟೆಲೊಂದರ ಹವಾನಿಯಂತ್ರಿತ ಹಾಲಿನಲ್ಲಿ. ಗ್ರಾನೈಟ್ ನೆಲ, ನಡುವೆ ಬಾಗಿಲಿನಿಂದ ಮೇಜಿನವರೆಗೂ ಕೆಂಪು ನೈಲಾನ್ ಕಾರ್ಪೆಟ್ಟು. ಹಿಂದಿನ ದಿನ ಮಧ್ಯಾಹ್ನವೇ ಎಲ್ಲ ಜೋಡಿಸಿ ಲೇಸರ್ ಹಚ್ಚಿದರು. ದಿಬ್ಬ ಎದ್ದಿತು. ಹೇಮಾಕ್ಷಿಗೆ ಪ್ರಾಣ ಬಂದಂತಾಯಿತು. ಫಣೀಂದ್ರ ಹೊರಗೆ ಹೋಗಿ ವೈರು ತಂದು ಮೇಜಿನ ಬಳಿ ಬಂದ. ದಿಬ್ಬ ಬಲಕ್ಕಿದ್ದದ್ದು ಚಂಗನೆ ಎಡಕ್ಕೆ ಹಾರಿತು.

"ಮೇಡಮ್, ಕದಿಲಿಂದಿ!" ಎಂದ ಅವನು ತೆಲುಗಿನಲ್ಲಿ, ಅಲುಗಿತು ಎಂದು.

ಯಾರೂ ಏನೂ ಮುಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದು ಕಳ್ಳ ಬೆಕ್ಕಿನ ಹಾಗೆ ಮೆಲ್ಲಗೆ ಹಿಂದಕ್ಕೆ ಬಂದು ತನ್ನ ಜಾಗದಲ್ಲಿ ಕೂತಿತು. ಹೇಮಾಕ್ಷಿ ಕಾರ್ಪೆಟ್ಟಿನ ಆ ತುದಿಯ ಸ್ವಿಚ್ಚು ನೋಡಿ ವಾಪಸ್ಸು ಬಂದಳು; ಮತ್ತೆ ಹಾರಿತು. ಹೋಟೆಲಿನ ಹುಡುಗಿ ನೀರಿನ ಬಾಟಲಿ ಇಡಲು ಬಂದಳು, ಮತ್ತೆ. ಲೇಸರ್ ಪರೀಕ್ಷಿಸಿದರು, ವೈರುಗಳನ್ನೆಲ್ಲ ಬಿಚ್ಚಿ ಕಟ್ಟಿದರು, ಹವಾನಿಯಂತ್ರಣ ನಿಲ್ಲಿಸಿ ನೋಡಿದರು. ಮಧುರವಾಡದಲ್ಲಿ ಎರಡು ವರ್ಷ ಹಸುವಿನಂತೆ ಇದ್ದ ದಿಬ್ಬ ಇಲ್ಲಿ ಯಾರು ಹತ್ತಿರ ಬಂದರೂ ಬೆದರುತ್ತಿತ್ತು. ಅದು ತಾನಾಗಿಯೇ ಹೀಗೆ ಕುಣಿಯುತ್ತಿದ್ದರೆ ಅಳತೆ ಎಲ್ಲಿಂದ ಮಾಡುವುದು? ಸಂಜೆಗೆ ಇಬ್ಬರೂ ಸೋತು ಕುರ್ಚಿ ಹಿಡಿದರು. ಹೇಮಾಕ್ಷಿಯ ಕಣ್ಣ ಮುಂದೆ ಮೂರು ಪೆಟ್ಟಿಗೆಗಳು ಲಾರಿ ಹತ್ತಿ ಕೂತಿದ್ದವು.

ಬೆಳಗ್ಗೆ ಕೃಷ್ಣಪ್ರಸಾದರು ಅವಳನ್ನು ಇಂದ್ರಕೀಲಾದ್ರಿ ಗುಡ್ಡದ ದುರ್ಗಮ್ಮನ ಗುಡಿಗೆ ಕರೆದುಕೊಂಡು ಹೋದರು. "ಮನಸ್ಸು ಸಮಾಧಾನ ಆಗುತ್ತೆ, ಬಾರೆ. ಹತ್ತು ಗಂಟೆಗೆಲ್ಲ ಹಾಲಿಗೆ ಬಿಡ್ತೀನಿ" ಎಂದರು. ಹೇಮಾಕ್ಷಿ ದುರ್ಗಮ್ಮನ ಮುಂದೆ ಕೈಮುಗಿದು ನಿಂತಳೇನೋ ನಿಜ. ಆದರೆ ತಾಯಿಯ ಕಿರೀಟದ ಎಡಬಲಗಳಲ್ಲೂ ಅವಳಿಗೆ ದಿಬ್ಬವೇ ಕಂಡಿತು. ಇದರಲ್ಲೊಂದು ವಿಚಿತ್ರವಿತ್ತು. ಯಾರು ಬಂದರೂ ಅದು ಎಡಕ್ಕೇ ಹಾರುತ್ತಿತ್ತು, ಒಂದು ಸಲವೂ ಬಲಕ್ಕಲ್ಲ. ಲೇಸರ್ ಕೆಟ್ಟಿದ್ದರೆ ಒಮ್ಮೆ ಅತ್ತ, ಒಮ್ಮೆ ಇತ್ತ ಅಲೆಯಬೇಕಿತ್ತು. ಎಡಕ್ಕೇ, ಎಡಕ್ಕೇ, ಯಾಕೆ? ಕೃಷ್ಣಾ ನದಿಯ ಕಡೆ ಬಿಸಿಲೇರುತ್ತಿತ್ತು. ಮೆಟ್ಟಿಲಿಳಿದರು, ಆಟೋ ಹತ್ತಿದರು. ಬೆಂಜ್ ಸರ್ಕಲ್ಲಿನ ವಾಹನಗಳ ನಡುವೆ ಆಟೋ ಸಿಕ್ಕಿಕೊಂಡಾಗ ಕೃಷ್ಣಪ್ರಸಾದರು ಕೆಳಗೆ ನೋಡಿ, "ಹೇಮಾ, ನಿನ್ ಚಪ್ಪಲಿ ಎಲ್ಲೇ?" ಎಂದರು.

ಅವಳು ಕಾಲು ನೋಡಿಕೊಂಡಳು. ಚಪ್ಪಲಿ ಸ್ಟ್ಯಾಂಡಿನ ಟೋಕನ್ನು ಅವಳ ಕೈಯಲ್ಲೇ ಇತ್ತು. ಸಮಿತಿಗೆಂದೇ ಕೊಂಡ ಸ್ಪಂಜಿನ ಅಟ್ಟೆಯ ಹೊಸ ಚಪ್ಪಲಿ ಗುಡ್ಡದ ಬುಡದಲ್ಲೇ ಉಳಿದಿತ್ತು.

"ಅಯ್ಯೋ ರೀ, ಮರ್ತೇಬಿಟ್ಟೆ! ಈಗ ವಾಪಸ್ ಹೋದ್ರೆ ಹೊತ್ತಾಗೋಗುತ್ತೆ. ಬಿಡಿ, ಹಿಂಗೇ ಹೋಗ್ತೀನಿ."

"ಬರಿಗಾಲಲ್ಲಿ ಕಮಿಟಿ ಮುಂದೆ?"

"ಸೀರೆ ಇಳಿಬಿಟ್ಕೋತೀನಿ, ಯಾರಿಗೆ ಕಾಣುತ್ತೆ? ಟೋಕನ್ ನೀವೇ ಇಟ್ಕೊಳಿ."

ಹಾಲಿಗೆ ಬಂದವಳು ಕಾರ್ಪೆಟ್ಟಿನ ಮೇಲೆ ಬರಿಗಾಲಲ್ಲಿ ನಡೆಯಲು ನಾಚಿಕೆಯಾಗಿ, ಗೋಡೆಯ ಪಕ್ಕ ಗ್ರಾನೈಟಿನ ಮೇಲೆ ಸುತ್ತಿ ಬಂದು ಮೇಜಿನ ಹಿಂದೆ ನಿಂತಳು. ಲೇಸರ್ ಹಚ್ಚಿದಳು. ದಿಬ್ಬ ಎದ್ದಿತು. ಬಗ್ಗಿ ಕನ್ನಡಿ ತಿರುಗಿಸಿದಳು, ತಾಮ್ರದ ಕಡ್ಡಿಯ ಹತ್ತಿರ ಕೈ ಹಾಯಿಸಿದಳು, ಆಚೆ ಹೋಗಿ ಈಚೆ ಬಂದಳು. ದಿಬ್ಬ ಅಲುಗಲಿಲ್ಲ. ಅವಳು ಇನ್ನೊಮ್ಮೆ ಕೈ ಹಾಯಿಸಿದಳು. ಇಲ್ಲ! ಕಲ್ಲಿನಂತೆ ನಿಂತಿದೆ!

ಆಗ ಫಣೀಂದ್ರ ಎರಡು ಕಪ್ಪು ಚಹಾ ಹಿಡಿದು ಮಿರಮಿರ ಮಿಂಚುವ ಬೂಟಿನಲ್ಲಿ ಕಾರ್ಪೆಟ್ಟಿನುದ್ದಕ್ಕೂ ನಡೆದು ಬಂದ. ದಿಬ್ಬ ಚಂಗನೆ ಎಡಕ್ಕೆ ಹಾರಿತು.

ಹೇಮಾಕ್ಷಿ ಪರದೆಯನ್ನು ನೋಡಿದಳು. ಅವನ ಬೂಟು ನೋಡಿದಳು. ತನ್ನ ಕಾಲು ನೋಡಿಕೊಂಡಳು.

"ಫಣೀಂದ್ರ, ಬೂಟು ಬಿಚ್ಚು!"

"ಎಂದುಕು ಮೇಡಮ್, ಯಾಕೆ?"

"ಬಿಚ್ಚಪ್ಪ ಅಂದ್ರೆ! ಸಾಕ್ಸೂ ಬಿಚ್ಚು. ಕಾರ್ಪೆಟ್ ಬಿಟ್ಟು ನೆಲದ ಮೇಲೆ ನಿಂತ್ಕೋ, ಆಮೇಲೆ ಬಾ."

ಅವನು ಚಹಾ ಕಪ್ಪುಗಳನ್ನು ನೆಲದ ಮೇಲಿಟ್ಟು ಬೂಟು ಬಿಚ್ಚಿ, ಗ್ರಾನೈಟಿನ ಮೇಲೆ ನಿಂತು, ಹೆದರುತ್ತ ಹತ್ತಿರ ಬಂದ. ದಿಬ್ಬ ಮಿಸುಕಲಿಲ್ಲ. ಕಾರ್ಪೆಟ್ಟಿನ ಮೇಲೆ ಬೂಟು ಉಜ್ಜುತ್ತ ನಡೆದರೆ ಮೈಗೆ ವಿದ್ಯುದಾವೇಶ ಹತ್ತುತ್ತದೆ, ಒಣಹವೆಯ ಹಾಲಿನಲ್ಲಿ ಇಳಿಯಲು ದಾರಿ ಸಿಗದೆ ಮೈಮೇಲೆಯೇ ಕೂರುತ್ತದೆ. ಹಾಗೆ ಬಂದವರನ್ನು ಕಡ್ಡಿ ಮೂಸುತ್ತದೆ, ಪರಮಾಣು ಜಾರುತ್ತದೆ. ಬರಿಗಾಲು ನೆಲಕ್ಕೆ ತಾಗಿದರೆ ಎಲ್ಲ ಇಳಿದುಹೋಗುತ್ತದೆ. ಮಧುರವಾಡದಲ್ಲಿ ಕಡಲ ತೇವದ ಗಾಳಿ, ಉಪಕರಣಕ್ಕೆ ಹೊರಗಿನ ಕ್ಷೇತ್ರ ತಡೆಯುವ ಲೋಹದ ಪೆಟ್ಟಿಗೆ, ಮೇಲೆ ಎಲ್ಲರದೂ ಬರಿಗಾಲು. ಅವಳ ಅಡುಗೆಮನೆಯ ನಿಯಮವೇ ಎರಡು ವರ್ಷ ಈ ವಿಷಯವನ್ನು ಅವಳಿಂದ ಮುಚ್ಚಿಟ್ಟಿತ್ತು!

"ಮೇಡಮ್, ಇದು ಕೆಟ್ಟಿಲ್ಲ. ಇದು ಮನುಷ್ಯರನ್ನ ನೋಡ್ತಿದೆ!" ಎಂದ ಫಣೀಂದ್ರ, ತನ್ನ ಅರೆ ಕನ್ನಡದಲ್ಲಿ. ಇಬ್ಬರೂ ಮಕ್ಕಳ ಹಾಗೆ ಕೈ ತಟ್ಟಿಕೊಂಡು ನಗುವಷ್ಟರಲ್ಲಿ ಬಾಗಿಲು ತೆರೆಯಿತು. ಸಮಿತಿ ಒಳಗೆ ಬಂತು, ಬೂಟು ಚಪ್ಪಲಿಗಳ ಸಮೇತ, ಕಾರ್ಪೆಟ್ಟಿನ ಮೇಲೆ ಸಾಲಾಗಿ.

ಬಂದು ಮೇಜನ್ನು ಸುತ್ತುವರಿದರು. ದಿಬ್ಬ ಹಾರಿ ಹಾರಿ ಬಿದ್ದಿತು. ಸೂಟು ಹಾಕಿದ್ದ ಒಬ್ಬ ಸದಸ್ಯರು ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಲೇಸರ್ ಅಲೆಯುತ್ತಿದೆ. ಇದನ್ನು ತೋರಿಸಲು ಇಲ್ಲಿಯವರೆಗೆ ಬಂದಿರಾ?" ಎಂದರು. ಎಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಹೇಮಾಕ್ಷಿಯ ಇಂಗ್ಲಿಷು ಉದ್ವೇಗ ಬಂದಾಗ ತುಮಕೂರಿನ ಕಡೆ ವಾಲುತ್ತದೆ.

"ಲೇಸರ್ ಅಲೆದರೆ ಎರಡೂ ಕಡೆ ಅಲೆಯಬೇಕು ಸಾರ್. ಇದು ಎಡಕ್ಕೆ ಮಾತ್ರ ಹೋಗುತ್ತಿದೆ. ಇಷ್ಟು ಉಬ್ಬಿದ ಪರಮಾಣುವಿಗೆ ನಿಮ್ಮ ಮೈಮೇಲಿರುವುದು ಧನವೋ ಋಣವೋ ಎಂಬುದು ಮುಖ್ಯವಲ್ಲ. ಕ್ಷೇತ್ರ ಯಾವ ಕಡೆಯದಾದರೂ ಈ ಮಟ್ಟ ಕೆಳಕ್ಕೇ ಜಾರುತ್ತದೆ. ಅದಕ್ಕೇ ಯಾವಾಗಲೂ ಒಂದೇ ಕಡೆ. ಇದು ನಿಮ್ಮನ್ನು ಅಳೆಯುತ್ತಿದೆ."

"ನಮ್ಮನ್ನು?" ಎಂದರು ಮಾಧವೀಲತಾ. "ಸಾಬೀತು ಮಾಡಿ."

ಹೇಮಾಕ್ಷಿ ಅವರ ಮುಖ ನೋಡಿದಳು. ಈ ಹೆಂಗಸಿನ ಒಂದು ಮಾತಿಗೆ ತನ್ನ ಮುಂದಿನ ಬದುಕು ತೂಗುಬಿದ್ದಿದೆ. ಅವರ ಹತ್ತಿರ ತಾನೀಗ ಏನು ಕೇಳಬೇಕಾಗಿದೆ! ಅವಳು ಸೀರೆಯ ನೆರಿಗೆ ಎತ್ತಿ ತನ್ನ ಬರಿಗಾಲು ತೋರಿಸಿದಳು. ಆಮೇಲೆ ಇಂಗ್ಲಿಷೂ ಹೋಯಿತು, ಕನ್ನಡವೂ ಹೋಯಿತು, ಬಾಯಿಗೆ ಬಂದದ್ದು ಪ್ರಯೋಗಾಲಯದ ಬಾಗಿಲ ಮೇಲಿನ ತೆಲುಗು.

"ಅಮ್ಮಾ, ದಯಚೇಸಿ ಚೆಪ್ಪುಲು ತೀಸೆಯ್ಯಂಡಿ."

ಸೂಟಿನವರು ಕೆಮ್ಮಿದರು. ಮಾಧವೀಲತಾ ಹೇಮಾಕ್ಷಿಯ ಕಾಲನ್ನೇ ಒಂದು ಗಳಿಗೆ ನೋಡಿದರು. ಬಳಿಕ ಫಣೀಂದ್ರನ ಭುಜ ಹಿಡಿದುಕೊಂಡು ಒಂದೊಂದಾಗಿ ಚಪ್ಪಲಿ ಕಳಚಿ, ಮಂಡಿನೋವಿನ ಕಾಲನ್ನು ನಿಧಾನವಾಗಿ ಗ್ರಾನೈಟಿನ ಮೇಲಿಟ್ಟರು. ಅವರು ಮೇಜಿನ ಹತ್ತಿರ ಬಂದರು. ತಾಮ್ರದ ಕಡ್ಡಿಯ ಬಳಿ ಬಂಗಾರದ ಬಳೆಯ ಕೈ ಚಾಚಿದರು. ದಿಬ್ಬ ನಿಂತಲ್ಲೇ ನಿಂತಿತು.

"ಇವರು?" ಎಂದು ಸೂಟಿನವರ ಕಡೆ ತೋರಿಸಿದರು. ಸೂಟಿನವರು ಬೂಟಿನಲ್ಲೇ ಒಂದು ಹೆಜ್ಜೆ ಮುಂದೆ ಬಂದರು, ದಿಬ್ಬ ಎಡಕ್ಕೆ ಹಾರಿತು. ಎಲ್ಲರೂ ಹೋ ಎಂದರು. "ಬಿಚ್ಚಿ, ಬಿಚ್ಚಿ" ಎಂದು ಅಧ್ಯಕ್ಷೆಯೇ ಗದರಿದರು. ಇನ್ನೇನು, ಬೂಟುಗಳು ಕಾರ್ಪೆಟ್ಟಿನ ಮೇಲೆ ಉರುಳಿದವು. ಒಬ್ಬರ ಸಾಕ್ಸಿನಲ್ಲಿ ತೂತು ಕಂಡಿತು. ದೇಶದ ವಿಜ್ಞಾನವನ್ನು ತೂಗಿ ನೋಡಲು ಬಂದ ಗಣ್ಯರು ಬರಿಗಾಲಿನಲ್ಲಿ ಒಬ್ಬರನ್ನೊಬ್ಬರು ತಳ್ಳುತ್ತ, ಒಮ್ಮೆ ಬೂಟು ಹಾಕಿ ಕಾರ್ಪೆಟ್ಟಿನ ಮೇಲೆ ಕಾಲುಜ್ಜಿ, ಒಮ್ಮೆ ಬಿಚ್ಚಿ ಬಂದು, ತಮ್ಮನ್ನು ಕಂಡು ಪರಮಾಣು ಜಾರುವುದನ್ನು ಬಾಯಿಬಿಟ್ಟು ನೋಡಿದರು. ಹೇಮಾಕ್ಷಿ ನೀಲಿ ಲೇಸರನ್ನು ತಿರುಗಿಸಿ ಎಲೆಕ್ಟ್ರಾನನ್ನು ಇನ್ನೂ ಮೇಲಿನ ಮಟ್ಟಕ್ಕೆ ಎತ್ತಿದಳು. ಈಗ ಪರಮಾಣು ಇನ್ನಷ್ಟು ಉಬ್ಬಿ ಇನ್ನಷ್ಟು ಸೂಕ್ಷ್ಮವಾಯಿತು. ಕಾರ್ಪೆಟ್ಟಿನ ಅರ್ಧದಲ್ಲಿ ಬೂಟುಗಾಲಿನವರು ನಿಂತರೂ ದಿಬ್ಬ ಅವರ ಕಡೆ ಕಿವಿ ನಿಮಿರಿಸುತ್ತಿತ್ತು.

ಆಮೇಲೆ ಎಲ್ಲರನ್ನೂ ಬರಿಗಾಲಲ್ಲಿ ನಿಲ್ಲಿಸಿ ನಿಜವಾದ ಅಳತೆ ಶುರುಮಾಡಿದಳು. ಕಡ್ಡಿಯೆದುರು ಹಲಗೆಯಿಟ್ಟು ಇಷ್ಟೆಂದು ವೋಲ್ಟೇಜು ಕೊಟ್ಟಳು. ದಿಬ್ಬ ಒಂದು ಗೆರೆಯಷ್ಟು ಜಾರಿತು. ವೋಲ್ಟೇಜು ಎರಡು ಪಟ್ಟು ಮಾಡಿದಳು.

"ಎಷ್ಟು ಜಾರಬೇಕು?" ಎಂದು ಮಾಧವೀಲತಾ ಕೇಳಿದರು.

"ನಾಲ್ಕು ಪಟ್ಟು, ಅಮ್ಮಾ. ಜಾರುವುದು ಕ್ಷೇತ್ರದ ವರ್ಗದ ಲೆಕ್ಕದಲ್ಲಿ."

ನಾಲ್ಕೇ ಗೆರೆ. ಮಾಧವೀಲತಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಕಾಲೇಜಿನವರೆಲ್ಲ ಅವರ ಹೆಸರು ಕೇಳಿ ಮಾಡುತ್ತಿದ್ದ ಕೆಲಸ ಅದು. "ನಲವತ್ತು ವರ್ಷ ಇದನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೇನೆ. ಪರಮಾಣು ನನ್ನ ಚಪ್ಪಲಿ ಬಿಡಿಸಿದ್ದು ಇವತ್ತು" ಎಂದರು. ತಮ್ಮವರ ಕಡೆ ತಿರುಗಿ, "ಎರಡು ವರ್ಷ ಮುಂದುವರಿಸೋಣ. ಯಾರಿಗಾದರೂ ಬೇರೆ ಅಭಿಪ್ರಾಯ ಇದೆಯೇ?" ಎಂದರು. ಬರಿಗಾಲಿನಲ್ಲಿ ನಿಂತವರಿಗೆ ಬೇರೆ ಅಭಿಪ್ರಾಯ ಇರುವುದು ಕಷ್ಟ. ಸೂಟಿನವರೇ ಮೊದಲು ತಲೆಯಾಡಿಸಿದರು.

ಹೇಮಾಕ್ಷಿಗೆ ಕಾರಿಡಾರಿನ ತುದಿಯವರೆಗೆ ಓಡಬೇಕೆನ್ನಿಸಿತು. ಅಷ್ಟು ಖುಷಿಯಲ್ಲೂ ಒಂದು ಮುಳ್ಳು ಚುಚ್ಚಿತು. ಇನ್ನೆರಡು ವರ್ಷ ಗಂಡ ಇಲ್ಲಿ, ತಾನು ಅಲ್ಲಿ. ಹೇಗೆ ಹೇಳುವುದು ಅವರಿಗೆ? ಸಂತೋಷವೆಂದು ಹೇಳುವುದೋ, ಕ್ಷಮಿಸಿ ಎಂದು ಹೇಳುವುದೋ? ಹಾಗೆಂದುಕೊಳ್ಳುತ್ತ ಬಾಗಿಲ ಕಡೆ ನೋಡಿದರೆ ಕೃಷ್ಣಪ್ರಸಾದರು ಅಲ್ಲೇ ನಿಂತಿದ್ದರು.

ಬ್ಯಾಂಕಿನ ಸೀನಿಯರ್ ಮ್ಯಾನೇಜರು, ಇಸ್ತ್ರಿ ಅಂಗಿ, ಕುತ್ತಿಗೆಯಲ್ಲಿ ಗುರುತಿನ ಚೀಟಿ. ಕೈಯಲ್ಲಿ ಹೆಂಡತಿಯ ಚಪ್ಪಲಿ. ಚೀಲದಲ್ಲಿ ಅಲ್ಲ, ಕೈಯಲ್ಲೇ. ಶಾಖೆಗೆ ಹೋಗುವುದನ್ನು ಬಿಟ್ಟು ಮತ್ತೆ ಗುಡ್ಡದವರೆಗೆ ಹೋಗಿ ಬಂದಿದ್ದರು. ಕಾರ್ಪೆಟ್ಟಿನ ಮೇಲೆ ಬಿದ್ದಿದ್ದ ಬೂಟುಗಳನ್ನು ನೋಡಿ, ಇಲ್ಲೇನೋ ಶಾಸ್ತ್ರ ನಡೆಯುತ್ತಿದೆಯೆಂದು ತಮ್ಮವನ್ನೂ ಹೊರಗೇ ಬಿಟ್ಟಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ!

ಹೇಮಾಕ್ಷಿ ಓಡಿ ಹೋದಳು. "ಅಯ್ಯೋ, ಇದನ್ಯಾಕೆ ಕೈಯಲ್ಲಿ ಹಿಡ್ಕೊಂಡ್ ಬಂದ್ರಿ? ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ!"

"ಚಪ್ಪಲಿ ಸ್ಟ್ಯಾಂಡಿನ ಕೋಟೇಶ್ವರಮ್ಮನೂ ಅದನ್ನೇ ಕೇಳಿದ್ಳು. ನಮ್ ಮನೆಯವ್ರು ಮರ್ತು ಹೋದ್ರಮ್ಮ, ಅವರಿಗೆ ತಲೇಲಿ ಪರಮಾಣು ಇದೆ ಅಂದೆ" ಎಂದರು ಕೃಷ್ಣಪ್ರಸಾದರು. ಚಪ್ಪಲಿಗಳನ್ನು ಅವಳ ಕಾಲ ಬಳಿ ಜೋಡಿಸಿಟ್ಟರು.

"ರೀ... ಇನ್ನೆರಡು ವರ್ಷ ಅಂದ್ರು."

"ಕೇಳಿಸ್ಕೊಂಡೆ."

ಅವಳು ಅವರ ಮುಖವನ್ನೇ ನೋಡುತ್ತ ನಿಂತಳು. ಅವರು ಚಪ್ಪಲಿ ಹಿಡಿದಿದ್ದ ಕೈಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡರು.

"ಶನಿವಾರ ರಾತ್ರಿ ರೈಲಿಗೆ ವೈಜಾಗಿಗೆ ಬರ್ತೀನಿ, ಹೇಮಾ. ಆ ಮೂರು ಪೆಟ್ಟಿಗೆ ಇದಾವಲ್ಲ, ಕತ್ತರಿ ತೆಗೆದಿಡು. ಹಗ್ಗ ನಾನೇ ಕತ್ತರಿಸ್ತೀನಿ."

ಸಮಿತಿಯ ಮುಂದೆ ನಡುಗದೆ ನಿಂತವಳು, ಆ ಮಾತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತುಬಿಟ್ಟಳು.